ಇಟ್ಟ ಜಾಗದ ನೆನಪು

ಬೆಂಗಳೂರಿನಲ್ಲಿ ‘ಸೈಟು’ ಎಂಬ ಮಾತನ್ನು ಅರಿಯದವರಿಲ್ಲ. ಇಂಗ್ಲಿಷಿನಿಂದ ಬಂದ ಈ ಮಾತು ಅಚ್ಚಗನ್ನಡದ ಪದವೋ ಎಂಬಂತೆ ಜನರ ನಾಲಗೆಯ ಮೇಲೆ ನೆಲೆಸಿಬಿಟ್ಟಿದೆ. ಮೂವತ್ತು ನಲವತ್ತರ ಸೈಟು, ಮೂಲೆಯ ಸೈಟು, ಪೂರ್ವಾಭಿಮುಖವಾದ ಸೈಟು ಎಂದು ಅದರ ಗುಣಗಳನ್ನು ಎಣಿಸುವುದರಲ್ಲಿ ಇಲ್ಲಿನ ಗೃಹಸ್ಥರು ಬಹಳ ನಿಪುಣರು. ಗಣಕಯಂತ್ರಗಳ ಪ್ರಪಂಚದಲ್ಲಿಯೂ ಇದೇ ಪದವು ಬಳಕೆಯಲ್ಲಿದೆ. ಒಂದು ಸಂಸ್ಥೆಗೋ ಶಾಲೆಗೋ ಮನೆಗೋ ಸೇರಿ, ಒಂದೇ ವ್ಯವಸ್ಥೆಗೆ ಒಳಪಟ್ಟಿರುವ ಯಂತ್ರಗಳೆಲ್ಲವೂ ಕೂಡಿ ಅಲ್ಲಿ ಒಂದು ಸೈಟು ಎನಿಸುತ್ತವೆ. ನೆಲದ ಸೈಟಿನಲ್ಲಿ ಮನೆಯನ್ನು ಕಟ್ಟುವಂತೆ ಈ ಸೈಟಿನಲ್ಲಿ ತಂತ್ರಾಂಶವನ್ನು ಕಟ್ಟುತ್ತಾರೆ. ಕಟ್ಟಿದುದು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಯು ಎರಡು ಕಡೆಗಳಲ್ಲಿಯೂ ಏಳುತ್ತದೆ.

ನಗರದ ಉತ್ತರ ಭಾಗದಲ್ಲಿರುವ ಆರ್.ಟಿ. ನಗರದ ಪೂರ್ಣ ಹೆಸರು ರವೀಂದ್ರನಾಥ ಟ್ಯಾಗೋರ್ ನಗರ. ಮಹಾಕವಿಯ ಹೆಸರನ್ನು ಎರಡು ಅಕ್ಷರಗಳಿಗೆ ಇಳಿಸಿದುದರಿಂದ ಬಸ್ಸಿನ ನಿರ್ವಾಹಕರಿಗೆ ಅನುಕೂಲವಾಗಿರಬಹುದು; ಆದರೆ ಆ ಅಕ್ಷರಗಳ ಹಿಂದೆ ಯಾರಿದ್ದಾರೆಂಬುದು ಅಲ್ಲಿಯೇ ಹುಟ್ಟಿ ಬೆಳೆದ ಹಲವು ಮಕ್ಕಳಿಗೂ ತಿಳಿಯದು. ಈ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಒಬ್ಬ ವೃದ್ಧರ ಮನೆಯುಂಟು. ಅವರು ತಮ್ಮ ಯೌವನವನ್ನು ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯ ಕೈಗಡಿಯಾರದ ಕಾರ್ಖಾನೆಯಲ್ಲಿ ಕಳೆದವರು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯು ದೇಶದ ಲಕ್ಷಾಂತರ ಜನರಿಗೆ ಗಂಟೆಯನ್ನು ತಿಳಿಸಿತು. ಅಕ್ಕಿಯ ಕಾಳಿಗಿಂತಲೂ ಚಿಕ್ಕದಾದ ತಿರುಪುಗಳ ನಡುವೆ ದುಡಿದವರಿಗೆ ವಸ್ತುಗಳನ್ನು ಕಂಡಕಂಡಲ್ಲಿ ಇಡುವ ಅಭ್ಯಾಸವು ಹೇಗೆ ತಾನೇ ಬಂದೀತು?

ಈ ಅಭ್ಯಾಸವನ್ನು ಅವರು ಮನೆಗೂ ತಂದರು. ಮನೆಯನ್ನು ಕಟ್ಟಿಸುವಾಗ ಒಂದು ಉದ್ದನೆಯ ಪುಸ್ತಕದಲ್ಲಿ ನೀರಿನ ಕೊಳವೆಗಳು ಯಾವ ಗೋಡೆಯೊಳಗೆ ಹಾದಿವೆ, ನೆಲದಿಂದ ಎಷ್ಟು ಅಡಿ ಎತ್ತರದಲ್ಲಿವೆ, ವಿದ್ಯುತ್ತಿನ ತಂತಿಗಳು ಎಲ್ಲಿ ತಿರುಗುತ್ತವೆ ಎಂಬುದನ್ನೆಲ್ಲ ಬರೆದಿಟ್ಟರು. ಗಾರೆಯು ಮುಚ್ಚಿದ ಮೇಲೆ ಗೋಡೆಯು ಏನನ್ನೂ ಹೇಳುವುದಿಲ್ಲ. ಮುಂದೆ ಎಂದಾದರೂ ನಲ್ಲಿಯ ಕೆಲಸದವನು ಬಂದರೆ ಆ ಮನೆಯಲ್ಲಿ ಮೊದಲು ಪುಸ್ತಕವು ಹೊರಗೆ ಬರುತ್ತಿತ್ತು, ಅನಂತರ ಕಾಫಿ.

ಆ ಮನೆಯ ಮಹಡಿಯ ಕೋಣೆಯಲ್ಲಿ ಮೂರು ಹಳೆಯ ಗಣಕಯಂತ್ರಗಳಿದ್ದುವು. ವೃದ್ಧರ ಮೊಮ್ಮಗಳು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಯಾರೋ ಬೇಡವೆಂದು ಬಿಟ್ಟ ಆ ಯಂತ್ರಗಳನ್ನು ಆಕೆಯು ತಂದು, ದುರಸ್ತಿ ಮಾಡಿ, ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿದ್ದಳು. ಭಾನುವಾರಗಳಂದು ನೆರೆಹೊರೆಯ ಎಂಟು ಹತ್ತು ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಕನ್ನಡದಲ್ಲಿ ಟೈಪು ಮಾಡಲು ಕಲಿತು, ಕಥೆ, ಒಗಟು, ಹೆಬ್ಬಾಳದ ಕೆರೆಯಲ್ಲಿ ಕಂಡ ಹಕ್ಕಿಗಳ ವರ್ಣನೆ ಮೊದಲಾದವುಗಳನ್ನು ಬರೆದು, ರಾಜ್ಯೋತ್ಸವದ ದಿನ ಒಂದು ಚಿಕ್ಕ ಪತ್ರಿಕೆಯನ್ನು ಹೊರತರುವುದು ಅವರ ಸಂಕಲ್ಪವಾಗಿತ್ತು. ಕಾಗುಣಿತದ ತಪ್ಪುಗಳನ್ನು ಹಿಡಿಯುವುದಕ್ಕಾಗಿ ಆಕೆಯು ‘ಆಸ್ಪೆಲ್’ ಎಂಬ ತಂತ್ರಾಂಶವನ್ನು ಆರಿಸಿಕೊಂಡಳು. ಕೆವಿನ್ ಅಟ್ಕಿನ್‌ಸನ್ ಎಂಬವರು ರಚಿಸಿದ ಈ ತಂತ್ರಾಂಶಕ್ಕೆ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳ ಪದಪಟ್ಟಿಗಳು ದೊರೆಯುತ್ತವೆ. ಕನ್ನಡದ ಕಾಗುಣಿತವನ್ನು ಯಂತ್ರಕ್ಕೆ ಕಲಿಸುವುದು ಸುಲಭವಲ್ಲ. ಮನೆ, ಮನೆಯ, ಮನೆಗೆ, ಮನೆಯಿಂದ, ಮನೆಯವರೆಗೂ ಎಂದು ಒಂದೊಂದು ಪದವೂ ಹತ್ತಾರು ರೂಪಗಳನ್ನು ತಳೆಯುತ್ತದೆ; ಆದುದರಿಂದ ಸರಿಯಾದ ಪದವನ್ನೇ ತಪ್ಪೆಂದು ಯಂತ್ರವು ತೋರಿಸುವುದೂ ಉಂಟು. ಆಗ ಮಕ್ಕಳು ಯಂತ್ರವನ್ನು ಹೀಯಾಳಿಸಿ ಸಂತೋಷಪಡುತ್ತಿದ್ದರು.

ಇಲ್ಲಿ ತಂತ್ರಾಂಶವನ್ನು ಮೂಲದಿಂದ ಕಟ್ಟುವುದೆಂದರೇನೆಂಬುದನ್ನು ತಿಳಿಯಬೇಕು. ಸಿದ್ಧವಾದ ತಂತ್ರಾಂಶವನ್ನು ತಂದು ಬಳಸುವುದು ಅಂಗಡಿಯಿಂದ ಹೊಲಿದ ಅಂಗಿಯನ್ನು ತಂದಂತೆ. ಮನುಷ್ಯರು ಓದಬಲ್ಲ ರೂಪದಲ್ಲಿರುವ ಮೂಲಪಾಠವನ್ನು ತಂದು, ತಮ್ಮ ಯಂತ್ರಕ್ಕೆ ಹೊಂದುವಂತೆ ಅದನ್ನು ಯಂತ್ರಭಾಷೆಗೆ ಪರಿವರ್ತಿಸಿಕೊಳ್ಳುವುದು ಬಟ್ಟೆಯನ್ನು ತಂದು ಅಳತೆ ಕೊಟ್ಟು ಹೊಲಿಸಿದಂತೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಜಿಎನ್‌ಯು ಯೋಜನೆಯನ್ನು ಘೋಷಿಸಿದಾಗ, ಮೂಲಪಾಠವು ಎಲ್ಲರಿಗೂ ದೊರೆಯಬೇಕು, ಬೇಕಾದವರು ಅದನ್ನು ತಿದ್ದಿ ಹಂಚಿಕೊಳ್ಳುವಂತಿರಬೇಕು ಎಂಬುದೇ ಅವರ ಆಶಯವಾಗಿತ್ತು. ಆ ಪರಂಪರೆಗೆ ಸೇರಿದ ತಂತ್ರಾಂಶಗಳಲ್ಲಿ ಬಹುಪಾಲು ಮೂರು ಆಜ್ಞೆಗಳಿಂದ ಸಿದ್ಧವಾಗುತ್ತವೆ. ‘ಕಾನ್ಫಿಗರ್’ ಎಂಬುದು ಮೊದಲನೆಯದು. ಅದು ಯಂತ್ರವನ್ನು ಪರೀಕ್ಷಿಸಿ, ಬೇಕಾದ ಸಾಧನಗಳು ಇವೆಯೇ ಎಂದು ನೋಡಿ, ಕೆಲಸದ ಯೋಜನೆಯನ್ನು ಬರೆಯುತ್ತದೆ. ‘ಮೇಕ್’ ಎಂದರೆ ಆ ಯೋಜನೆಯಂತೆ ಕಟ್ಟಡವು ಏಳುತ್ತದೆ. ‘ಮೇಕ್ ಇನ್‌ಸ್ಟಾಲ್’ ಎಂದರೆ ಸಿದ್ಧವಾದ ಭಾಗಗಳು ತಮ್ಮ ತಮ್ಮ ಸ್ಥಳಗಳಿಗೆ ಹೋಗಿ ಸೇರುತ್ತವೆ.

ಆ ಸ್ಥಳಗಳನ್ನು ಡೈರೆಕ್ಟರಿಗಳೆಂದು ಕರೆಯುತ್ತಾರೆ. ಅವು ಕಡತಗಳನ್ನು ಇಡುವ ಕೋಣೆಗಳು. ಓಡುವ ಕಾರ್ಯಕ್ರಮಗಳಿಗೆ ‘ಬಿನ್’ ಎಂಬ ಕೋಣೆ, ಅವುಗಳಿಗೆ ನೆರವಾಗುವ ಭಾಗಗಳಿಗೆ ‘ಲಿಬ್’, ಬದಲಾಗದ ಸಾಮಗ್ರಿಗೆ ‘ಶೇರ್’, ಆ ಯಂತ್ರದ ಏರ್ಪಾಟುಗಳಿಗೆ ‘ಇಟಿಸಿ’, ದಿನದಿನವೂ ಬದಲಾಗುವ ಸಾಮಗ್ರಿಗೆ ‘ವಾರ್’. ಈ ಕೋಣೆಗಳೆಲ್ಲ ಯಾವ ಮನೆಯೊಳಗೆ ಇರಬೇಕೆಂಬುದನ್ನು ತಿಳಿಸುವ ವಿಳಾಸಕ್ಕೆ ‘ಪ್ರಿಫಿಕ್ಸ್’ ಎಂದು ಹೆಸರು. ಯಾರೂ ಏನನ್ನೂ ಹೇಳದೆ ಹೋದರೆ ಕಾನ್ಫಿಗರ್ ಆಜ್ಞೆಯು ‘/ಯುಎಸ್‌ಆರ್/ಲೋಕಲ್’ ಎಂಬ ವಿಳಾಸವನ್ನು ತಾನಾಗಿಯೇ ಹಿಡಿಯುತ್ತದೆ. ಇದಕ್ಕೂ ಒಂದು ಕಾರಣವುಂಟು. ಲಿನಕ್ಸ್ ವ್ಯವಸ್ಥೆಯೊಂದಿಗೆ ಬರುವ ತಂತ್ರಾಂಶಗಳು ‘/ಯುಎಸ್‌ಆರ್’ ಎಂಬ ದೊಡ್ಡ ಮನೆಯಲ್ಲಿ ವಾಸಿಸುತ್ತವೆ. ವ್ಯವಸ್ಥೆಯನ್ನು ನವೀಕರಿಸಿದಾಗಲೆಲ್ಲ ಅಲ್ಲಿನ ಕಡತಗಳು ಅಳಿಸಿಹೋಗಿ ಹೊಸವು ಬರುತ್ತವೆ. ಬಳಕೆದಾರನು ತಾನೇ ಕಟ್ಟಿಕೊಂಡುದಕ್ಕೆ ಆ ಗದ್ದಲದಲ್ಲಿ ಹಾನಿಯಾಗಬಾರದೆಂದು ‘ಲೋಕಲ್’ ಎಂಬ ಭಾಗವನ್ನು ಬೇರೆಯಾಗಿಯೇ ಬಿಟ್ಟಿದ್ದಾರೆ. ಲಿನಕ್ಸಿನ ಕಡತಗಳು ಎಲ್ಲೆಲ್ಲಿ ಇರಬೇಕೆಂಬುದರ ಬಗ್ಗೆ 1994ರಿಂದಲೂ ಲಿಖಿತವಾದ ಒಪ್ಪಂದವಿದೆ. ಅದರಲ್ಲಿ ಈ ರಕ್ಷಣೆಗೆ ಸ್ಥಾನವಿದೆ. ಹೊರಗಿನಿಂದ ತಂದ ದೊಡ್ಡ ತಂತ್ರಾಂಶಗಳಿಗಾಗಿ ‘/ಆಪ್ಟ್’ ಎಂಬ ಇನ್ನೊಂದು ಸ್ಥಳವನ್ನೂ ಅದು ಸೂಚಿಸುತ್ತದೆ.

ಮಕ್ಕಳ ಕನ್ನಡ ಕೆಲಸಕ್ಕೆ ಸಂಬಂಧಿಸಿದುದೆಲ್ಲವೂ ಒಂದೆಡೆ ಇರಲೆಂದು ಮೊಮ್ಮಗಳು ‘/ಆಪ್ಟ್/ಕನ್ನಡ’ ಎಂಬ ವಿಳಾಸವನ್ನು ಗೊತ್ತುಮಾಡಿಕೊಂಡಳು. ಮೂರು ಯಂತ್ರಗಳಲ್ಲಿಯೂ ಕಾನ್ಫಿಗರ್ ಆಜ್ಞೆಯೊಂದಿಗೆ ಈ ಪ್ರಿಫಿಕ್ಸನ್ನು ಟೈಪು ಮಾಡಿ ಆಸ್ಪೆಲನ್ನು ಕಟ್ಟಿದಳು. ಪದಪಟ್ಟಿಯು ತನ್ನ ಸ್ಥಳವನ್ನು ಆಸ್ಪೆಲ್‌ನಿಂದಲೇ ಕೇಳಿ ತಿಳಿದುಕೊಳ್ಳುತ್ತದೆ; ಆದುದರಿಂದ ಅದೂ ಅದೇ ಮನೆಯ ‘ಲಿಬ್’ ಕೋಣೆಯಲ್ಲಿ ಹೋಗಿ ಕುಳಿತಿತು. ಎಲ್ಲವೂ ಸುಗಮವಾಗಿ ನಡೆಯಿತು. ಕೆಲಸವು ಮುಗಿಯಿತೆಂದು ಆಕೆಯು ಮೂಲಪಾಠದ ಕಡತಗಳನ್ನೆಲ್ಲ ಅಳಿಸಿಹಾಕಿದಳು. ಹಳೆಯ ಯಂತ್ರಗಳಲ್ಲಿ ಜಾಗವು ಕಡಿಮೆ.

ಕೆಲವು ತಿಂಗಳುಗಳ ಮೇಲೆ ಆಸ್ಪೆಲ್‌ನ ಹೊಸ ಆವೃತ್ತಿಯನ್ನು ಕಟ್ಟುವ ಸಂದರ್ಭ ಬಂದಿತು. ಪರೀಕ್ಷೆಯ ದಿನಗಳು, ಮನಸ್ಸು ಬೇರೆಡೆ ಇತ್ತು. ಒಂದು ರಾತ್ರಿ ಎರಡು ಯಂತ್ರಗಳಲ್ಲಿ ಆಕೆಯು ಮೂರು ಆಜ್ಞೆಗಳನ್ನು ಬರಿದಾಗಿ ಟೈಪು ಮಾಡಿ ಮಲಗಿದಳು. ವಿಳಾಸವನ್ನು ಹೇಳಲಿಲ್ಲ. ಯಂತ್ರಗಳು ತಕರಾರು ಮಾಡಲಿಲ್ಲ. ಹೊಸ ಆಸ್ಪೆಲ್ ‘/ಯುಎಸ್‌ಆರ್/ಲೋಕಲ್’ಗೆ ಹೋಯಿತು.

ಭಾನುವಾರ ಮಕ್ಕಳು ಬಂದರು. ರಾಜ್ಯೋತ್ಸವಕ್ಕೆ ಒಂಬತ್ತು ದಿನಗಳಿದ್ದುವು. ಮೂರನೆಯ ಯಂತ್ರದಲ್ಲಿ ಎಲ್ಲವೂ ಎಂದಿನಂತೆ ನಡೆಯಿತು. ಉಳಿದ ಎರಡು ಯಂತ್ರಗಳು ಕನ್ನಡ ಭಾಷೆಗೆ ಯಾವ ಪದಪಟ್ಟಿಯೂ ಕಾಣಿಸುತ್ತಿಲ್ಲವೆಂದು ಇಂಗ್ಲಿಷಿನಲ್ಲಿ ಹೇಳಿ ಕೈಚೆಲ್ಲಿದುವು. “ಅಕ್ಕಾ, ಕನ್ನಡವೆಲ್ಲ ಹೋಗಿಬಿಟ್ಟಿದೆ!” ಎಂದು ಒಬ್ಬ ಹುಡುಗನು ಕೂಗಿದನು.

ಹೋಗಿರಲಿಲ್ಲ. ಪದಗಳೆಲ್ಲವೂ ‘/ಆಪ್ಟ್/ಕನ್ನಡ’ದಲ್ಲಿ ಇಟ್ಟಂತೆಯೇ ಇದ್ದುವು. ಆದರೆ ಹೆಸರು ಹಿಡಿದು ಕರೆದಾಗ ಯಂತ್ರವು ಒಂದು ನಿಗದಿಯಾದ ಕ್ರಮದಲ್ಲಿ ಕೋಣೆಗಳನ್ನು ಹುಡುಕುತ್ತದೆ. ಆ ಕ್ರಮದಲ್ಲಿ ‘/ಯುಎಸ್‌ಆರ್/ಲೋಕಲ್’ ಮೊದಲಿತ್ತು. ಆದುದರಿಂದ ಓಗೊಟ್ಟುದು ಹೊಸ ಆಸ್ಪೆಲ್. ಅದು ತನ್ನ ಮನೆಯೊಳಗೆ ಪದಪಟ್ಟಿಯನ್ನು ಹುಡುಕಿತು. ಪದಪಟ್ಟಿಯಾದರೋ ಪಕ್ಕದ ಮನೆಯಲ್ಲಿತ್ತು. ಹೊಸ ಕಡತಗಳನ್ನು ಎತ್ತಿ ಹಳೆಯ ಸ್ಥಳಕ್ಕೆ ಹಾಕಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಸಾಲದು. ಬೆಂಗಳೂರಿನ ಸುತ್ತಮುತ್ತಲ ಇಟ್ಟಿಗೆ ಗೂಡುಗಳಲ್ಲಿ ಹಸಿ ಮಣ್ಣಿನ ಮೇಲೆಯೇ ಒಡೆಯನ ಹೆಸರಿನ ಅಕ್ಷರಗಳನ್ನು ಒತ್ತುತ್ತಾರೆ. ಇಟ್ಟಿಗೆಯು ಬೆಂದ ಮೇಲೆ ಆ ಅಕ್ಷರಗಳನ್ನು ಬದಲಾಯಿಸುವಂತಿಲ್ಲ. ಹಾಗೆಯೇ, ತಂತ್ರಾಂಶವನ್ನು ಕಟ್ಟುವಾಗ ಕೊಟ್ಟ ವಿಳಾಸವು ಅನೇಕ ವೇಳೆ ಅದರೊಳಗೇ ಅಚ್ಚಾಗಿಬಿಡುತ್ತದೆ. ಸ್ಥಳವು ಬದಲಾಗಬೇಕಾದರೆ ಮತ್ತೆ ಕಟ್ಟಬೇಕು.

ಮತ್ತೆ ಕಟ್ಟಬಹುದಾಗಿತ್ತು. ಆದರೆ ಮೊದಲ ಬಾರಿ ಪ್ರಿಫಿಕ್ಸಿನ ಜೊತೆಗೆ ಬೇರೆ ಏನೇನು ಸೂಚನೆಗಳನ್ನು ಕೊಟ್ಟಿದ್ದೆನೆಂಬುದು ಆಕೆಗೆ ನೆನಪಾಗಲಿಲ್ಲ. ಕಾನ್ಫಿಗರ್ ಆಜ್ಞೆಯು ತಾನು ಕೆಲಸ ಮಾಡಿದ ಸ್ಥಳದಲ್ಲಿ ‘ಕಾನ್ಫಿಗ್.ಲಾಗ್’ ಎಂಬ ದಿನಚರಿಯನ್ನು ಬಿಟ್ಟುಹೋಗುತ್ತದೆ. ಆಗ ಟೈಪು ಮಾಡಿದ ಆಜ್ಞೆಯು ಅದರ ಆರಂಭದಲ್ಲಿಯೇ ಇರುತ್ತದೆ. ಪಕ್ಕದಲ್ಲಿ ‘ಕಾನ್ಫಿಗ್.ಸ್ಟೇಟಸ್’ ಎಂಬ ಇನ್ನೊಂದು ಕಡತವಿದ್ದು, ಅದರ ಮೂಲಕ ಹಳೆಯ ಸೂಚನೆಗಳಿಂದಲೇ ಪರೀಕ್ಷೆಯನ್ನು ಮತ್ತೆ ನಡೆಸಬಹುದು. ಇವೆರಡೂ ಅಳಿಸಿಹೋದ ಮೂಲಪಾಠದ ಜೊತೆಯಲ್ಲಿಯೇ ಹೋಗಿದ್ದುವು. ಗಾರೆ ಕಲಸಿದ ಜಾಗದಲ್ಲಿಯೇ ಮನೆಯ ನಕ್ಷೆಯನ್ನು ಬಿಟ್ಟು, ಕೆಲಸ ಮುಗಿದೊಡನೆ ಎರಡನ್ನೂ ಗುಡಿಸಿಹಾಕಿದಂತಾಗಿತ್ತು.

ವೃದ್ಧರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಗಣಕಯಂತ್ರದ ವಿಷಯ ಹೆಚ್ಚು ತಿಳಿಯದು.

“ಏನಮ್ಮ, ಏನು ಕಳೆದುಹೋಯಿತು?”

“ಕಳೆದಿಲ್ಲ ತಾತ. ಎಲ್ಲಿಡಬೇಕು ಅಂತ ಹೇಳುವುದನ್ನು ಮರೆತೆ.”

“ಹೋದ ಸಲ ಹೇಳಿದ್ದೆಯಲ್ಲ? ಅದನ್ನು ಎಲ್ಲಿ ಬರೆದಿಟ್ಟಿದ್ದೀಯ?”

ಆಕೆಯು ಉತ್ತರ ಕೊಡಲಿಲ್ಲ. ವೃದ್ಧರೂ ಮತ್ತೆ ಕೇಳಲಿಲ್ಲ, ಕೆಳಗಿಳಿದು ಹೋದರು. ಕಾರ್ಖಾನೆಗಳ ಉಪಕರಣ ಕೊಠಡಿಯಲ್ಲಿ ಒಂದು ಪದ್ಧತಿಯುಂಟು: ಉಪಕರಣವನ್ನು ತೆಗೆದುಕೊಂಡವನು ಅದು ನೇತಾಡುತ್ತಿದ್ದ ಮೊಳೆಗೆ ತನ್ನ ಸಂಖ್ಯೆಯ ಹಿತ್ತಾಳೆಯ ಬಿಲ್ಲೆಯನ್ನು ತೂಗುಹಾಕಬೇಕು. ಯಾರ ಜ್ಞಾಪಕಶಕ್ತಿಯನ್ನೂ ಆ ಪದ್ಧತಿಯು ನಂಬುವುದಿಲ್ಲ. ನಂಬದಿರುವುದು ಅವಮಾನವೆಂದು ಅಲ್ಲಿ ಯಾರೂ ಭಾವಿಸುವುದೂ ಇಲ್ಲ.

ಗಣಕಯಂತ್ರದ ವಿದ್ವಾಂಸರಿಗೂ ಈ ತೊಡಕು ಹಿಂದೆಯೇ ಎದುರಾಗಿತ್ತು. 1980ರ ದಶಕದಲ್ಲಿ ಒಂದೇ ತಂತ್ರಾಂಶವನ್ನು ಹಲವು ಬಗೆಯ ಯುನಿಕ್ಸ್ ಯಂತ್ರಗಳಲ್ಲಿ ಕಟ್ಟಬೇಕಾಗುತ್ತಿತ್ತು. ಲ್ಯಾರಿ ವಾಲ್ ಅವರು ತಮ್ಮ ತಂತ್ರಾಂಶಗಳೊಂದಿಗೆ ಕೊಡುತ್ತಿದ್ದ ‘ಕಾನ್ಫಿಗರ್’ ಎಂಬ ಲಿಪಿಯು ಕಟ್ಟುವವನನ್ನೇ ಒಂದೊಂದಾಗಿ ಪ್ರಶ್ನೆ ಕೇಳುತ್ತಿತ್ತು: ಇದನ್ನು ಎಲ್ಲಿಡಲಿ? ಅದನ್ನು ಎಲ್ಲಿಡಲಿ? ಮುಂದೆ ಅವರೇ ರಚಿಸಿದ ಪರ್ಲ್ ಭಾಷೆಯಲ್ಲಿಯೂ ಈ ಕ್ರಮವೇ ಉಳಿಯಿತು. ಉತ್ತರಗಳನ್ನು ಒಂದು ಕಡತದಲ್ಲಿ ಉಳಿಸಿಕೊಂಡು, ಮರುಬಾರಿ ಅವುಗಳನ್ನೇ ಮುಂದಿಡುವ ಸೌಕರ್ಯವೂ ಅದಕ್ಕಿದೆ. ಪ್ರಶ್ನೆಗಳಿಲ್ಲದೆಯೇ ಕೆಲಸ ನಡೆಯುವಂತೆ ಮಾಡಿದವರು ಡೇವಿಡ್ ಮೆಕೆಂಜಿ. ಅವರು 1991ರಲ್ಲಿ ಬರೆಯಲಾರಂಭಿಸಿದ ‘ಆಟೋಕಾನ್ಫ್’ ಎಂಬ ಸಾಧನವು ಕಾನ್ಫಿಗರ್ ಲಿಪಿಗಳನ್ನು ತಾನೇ ಸಿದ್ಧಗೊಳಿಸಿಕೊಡುತ್ತದೆ. ಕನ್ನಡ ಲಿಪಿಗೆ ಯುನಿಕೋಡಿನಲ್ಲಿ ಸ್ಥಾನ ದೊರೆತುದೂ ಅದೇ 1991ರಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಘಟನೆಗಳು ಆರ್.ಟಿ. ನಗರದ ಒಂದು ಮಹಡಿಯಲ್ಲಿ ಸಂಧಿಸುವುವೆಂದು ಅಂದು ಯಾರೂ ಎಣಿಸಿರಲಾರರು.

ಪ್ರಶ್ನೆ ಕೇಳದ ಯಂತ್ರವು ತಾನಾಗಿಯೇ ಉತ್ತರವನ್ನು ಊಹಿಸುತ್ತದೆ. ಊಹೆಯು ಆ ಸೈಟಿನ ಪದ್ಧತಿಗೆ ಹೊಂದದಿದ್ದರೆ ಏನು ಮಾಡಬೇಕು? ಇದಕ್ಕಾಗಿ ಆಟೋಕಾನ್ಫ್ ‘ಕಾನ್ಫಿಗ್.ಸೈಟ್’ ಎಂಬ ಒಂದು ಕಡತಕ್ಕೆ ಅವಕಾಶ ಕೊಟ್ಟಿದೆ. ಕಾನ್ಫಿಗರ್ ಲಿಪಿಯು ಪರೀಕ್ಷೆಗಳನ್ನು ಆರಂಭಿಸುವ ಮುನ್ನ ಪ್ರಿಫಿಕ್ಸಿನ ಒಳಗಿರುವ ‘ಶೇರ್’ ಕೋಣೆಯಲ್ಲಿ, ಅನಂತರ ‘ಇಟಿಸಿ’ ಕೋಣೆಯಲ್ಲಿ ಈ ಹೆಸರಿನ ಕಡತವಿದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ಓದಿ ಅದರಲ್ಲಿರುವಂತೆ ನಡೆಯುತ್ತದೆ. ಪ್ರಿಫಿಕ್ಸನ್ನು ಯಾರೂ ಹೇಳದಿದ್ದರೆ ‘/ಯುಎಸ್‌ಆರ್/ಲೋಕಲ್’ನಲ್ಲಿಯೇ ಹುಡುಕುತ್ತದೆ. ಕಡತವನ್ನು ಬೇರೆಲ್ಲಿಯಾದರೂ ಇಡಬೇಕೆಂದಿದ್ದರೆ ‘ಕಾನ್ಫಿಗ್_ಸೈಟ್’ ಎಂಬ ಪರಿಸರ ಚರಾಂಶದಲ್ಲಿ ಅದರ ದಾರಿಯನ್ನು ತಿಳಿಸಬಹುದು. ಈ ಕಡತವು ಯಾವ ಒಂದು ತಂತ್ರಾಂಶಕ್ಕೂ ಸೇರಿದುದಲ್ಲ. ಆದುದರಿಂದ ಮೂಲಪಾಠವನ್ನು ಅಳಿಸಿದರೂ, ಹೊಸ ಆವೃತ್ತಿಯು ಬಂದರೂ, ಅದು ಇದ್ದಲ್ಲಿಯೇ ಇರುತ್ತದೆ.

ಇದನ್ನು ಬರೆಯುವುದರಲ್ಲಿ ಒಂದು ಸೂಕ್ಷ್ಮವಿದೆ. ಅನೇಕರು ಎಡವುವುದು ಇಲ್ಲಿಯೇ. ಕಾನ್ಫಿಗರ್ ಲಿಪಿಯು ಮೊದಲು ಬಳಕೆದಾರನು ಟೈಪು ಮಾಡಿದ ಸೂಚನೆಗಳನ್ನು ಗ್ರಹಿಸಿ, ಅನಂತರವೇ ಸೈಟಿನ ಕಡತವನ್ನು ಓದುತ್ತದೆ. ಕಡತದಲ್ಲಿ ಪ್ರಿಫಿಕ್ಸ್ ಇಂತಹುದೆಂದು ಖಡಾಖಂಡಿತವಾಗಿ ಬರೆದರೆ, ಒಬ್ಬನು ಬೇಕೆಂದೇ ಬೇರೆ ವಿಳಾಸವನ್ನು ಕೊಟ್ಟಿದ್ದರೂ ಆ ಮಾತು ನಡೆಯದು. ಯಾರೂ ವಿಳಾಸ ಕೊಡದಿದ್ದಾಗ ಪ್ರಿಫಿಕ್ಸಿನ ಸ್ಥಾನದಲ್ಲಿ ‘ಯಾವುದೂ ಇಲ್ಲ’ ಎಂಬ ಅರ್ಥದ ಒಂದು ಗುರುತು ಇರುತ್ತದೆ. ಆ ಗುರುತು ಇದೆಯೇ ಎಂದು ಮೊದಲು ಪರೀಕ್ಷಿಸಿ, ಇದ್ದರೆ ಮಾತ್ರ ಸೈಟಿನ ವಿಳಾಸವನ್ನು ತುಂಬುವಂತೆ ಬರೆಯುವುದು ಸರಿಯಾದ ಕ್ರಮ. ಮನೆಯ ಪದ್ಧತಿಯು ಸುಮ್ಮನಿದ್ದವರಿಗೆ ದಾರಿ ತೋರಿಸಬೇಕೇ ಹೊರತು ಮಾತನಾಡಿದವರ ಬಾಯನ್ನು ಮುಚ್ಚಬಾರದು. ಗಣಕಯಂತ್ರದ ಹೊರಗೂ ಈ ಸೌಜನ್ಯವು ಅಪರೂಪವೇ ಸರಿ.

ಆ ರಾತ್ರಿ ಮೊಮ್ಮಗಳು ಎರಡು ಯಂತ್ರಗಳಲ್ಲಿ ‘/ಯುಎಸ್‌ಆರ್/ಲೋಕಲ್’ಗೆ ಹೋಗಿದ್ದ ಆಸ್ಪೆಲನ್ನು ತೆಗೆದುಹಾಕಿದಳು. ಮೂರರಲ್ಲಿಯೂ ಕಾನ್ಫಿಗ್.ಸೈಟ್ ಕಡತವನ್ನು ಬರೆದಳು. ಪ್ರಿಫಿಕ್ಸಿಗೆ ಒಂದು ಸಾಲು. ಏರ್ಪಾಟಿನ ಕಡತಗಳಿಗೆ ಒಂದು ಸಾಲು. ಬದಲಾಗುವ ಸಾಮಗ್ರಿಗೆ ಇನ್ನೊಂದು. ಪ್ರತಿಯೊಂದು ಸಾಲಿನ ಮೇಲೆಯೂ ಅದು ಏಕೆ ಹಾಗಿದೆ ಎಂಬುದನ್ನು ಕನ್ನಡದಲ್ಲಿ ಬರೆದು, ದಿನಾಂಕವನ್ನೂ ಹಾಕಿದಳು. ಹಾಗೆ ಬರೆದ ಟಿಪ್ಪಣಿಗಳನ್ನು ಯಂತ್ರವು ಓದದೆ ದಾಟಿಹೋಗುತ್ತದೆ, ಅವು ಮನುಷ್ಯರಿಗೆ. ಎಲ್ಲ ತಂತ್ರಾಂಶಗಳೂ ಈ ಕಡತವನ್ನು ಕೇಳುವುದಿಲ್ಲವೆಂಬುದನ್ನು ಕೂಡ ಆಕೆಯು ಅಲ್ಲಿಯೇ ಬರೆದಿಟ್ಟಳು. ‘ಸಿಮೇಕ್’, ‘ಮೆಸಾನ್’ ಮೊದಲಾದ ಬೇರೆ ಸಾಧನಗಳಿಂದ ಕಟ್ಟುವ ತಂತ್ರಾಂಶಗಳಿಗೆ ವಿಳಾಸವನ್ನು ಅವುಗಳ ರೀತಿಯಲ್ಲಿಯೇ ಹೇಳಬೇಕು. ಆಸ್ಪೆಲನ್ನು ಮತ್ತೆ ಕಟ್ಟಿ ಮುಗಿಸುವ ಹೊತ್ತಿಗೆ ರಸ್ತೆಯಲ್ಲಿ ಹಾಲಿನವನ ಸೈಕಲ್ಲಿನ ಗಂಟೆ ಕೇಳಿಸಿತು. ಮಕ್ಕಳ ಪತ್ರಿಕೆಯು ನವೆಂಬರ್ ಒಂದರಂದು ಹೊರಬಂದಿತು. ಕೆರೆಯ ಹಕ್ಕಿಗಳ ಲೇಖನದಲ್ಲಿ ಎರಡು ಕಾಗುಣಿತದ ತಪ್ಪುಗಳು ಉಳಿದೇ ಇದ್ದುವು.

ಮರುವರ್ಷ ಆಕೆಗೆ ಹುಬ್ಬಳ್ಳಿಯಲ್ಲಿ ಕೆಲಸ ದೊರೆಯಿತು. ಭಾನುವಾರದ ತರಗತಿಯು ನಿಂತುಹೋದೀತೆಂದು ಮಕ್ಕಳು ಅಂಜಿದರು. ಅಂಜಿಕೆಯು ನಿರಾಧಾರವಾಗಿರಲಿಲ್ಲ. ಒಬ್ಬರ ತಲೆಯಲ್ಲಿ ಮಾತ್ರ ಇದ್ದ ವ್ಯವಸ್ಥೆಯು ಆ ಒಬ್ಬರೊಂದಿಗೆ ರೈಲು ಹತ್ತಿ ಹೋದುದನ್ನು ಶಾಲೆಗಳಲ್ಲಿ, ಸಂಘಗಳಲ್ಲಿ, ಗ್ರಂಥಾಲಯಗಳಲ್ಲಿ ಎಷ್ಟೋ ಜನ ಕಂಡಿದ್ದಾರೆ. ಹೊರಡುವ ಮೊದಲು ಆಕೆಯು ಯಂತ್ರಗಳ ಹೊಣೆಯನ್ನು ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ವಹಿಸಿದಳು. “ಕನ್ನಡವೆಲ್ಲ ಹೋಗಿಬಿಟ್ಟಿದೆ” ಎಂದು ಅಂದು ಕೂಗಿದ್ದವನು ಅವನೇ.

ಅವನಿಗೆ ಧೈರ್ಯವಿರಲಿಲ್ಲ. ಮೊದಲು ಕೈ ಪಳಗಲೆಂದು ‘ಜಿಎನ್‌ಯು ಹಲೋ’ ಎಂಬ ಪುಟ್ಟ ತಂತ್ರಾಂಶವನ್ನು ಆರಿಸಿಕೊಂಡನು. ಜಗತ್ತಿಗೆ ನಮಸ್ಕಾರ ಹೇಳುವುದೇ ಅದರ ಕೆಲಸ. ಕಟ್ಟುವ ಕ್ರಮವನ್ನು ಕಲಿಯುವವರಿಗಾಗಿಯೇ ಅದು ಮಾದರಿಯಾಗಿ ನಿಂತಿದೆ. ಮೂಲಪಾಠವನ್ನು ಬಿಚ್ಚಿ, ಕಾನ್ಫಿಗರ್ ಎಂದು ಟೈಪು ಮಾಡಿ, ವಿಳಾಸವನ್ನು ಹೇಳಬೇಕೆಂಬುದನ್ನು ಅವನೂ ಮರೆತು ಗುಂಡಿಯನ್ನು ಒತ್ತಿದನು. ಪರದೆಯ ಮೇಲೆ ಮೊದಲನೆಯ ಸಾಲು ಮೂಡಿತು: ‘/ಯುಎಸ್‌ಆರ್/ಲೋಕಲ್/ಶೇರ್/ಕಾನ್ಫಿಗ್.ಸೈಟ್’ ಎಂಬ ಸೈಟಿನ ಲಿಪಿಯನ್ನು ಓದಿಕೊಳ್ಳಲಾಗುತ್ತಿದೆ. ಹುಡುಗನು ಆ ಸಾಲನ್ನು ಎರಡು ಬಾರಿ ಓದಿದನು. ಉಳಿದ ಸಾಲುಗಳು ಒಂದರ ಹಿಂದೆ ಒಂದು ಮೇಲಕ್ಕೆ ಹರಿದುಹೋದುವು. ಅವು ನಿಂತ ಮೇಲೆ ‘ಮೇಕ್’ ಎಂದು ಟೈಪು ಮಾಡಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕಾಯುತ್ತ ಕುಳಿತನು.